ಭಾವನ ‘ಹೂಂ’, ಅಕ್ಕನ ಬಾಯಿಪಾಠ

ನಮ್ಮ ಭಾವ, ಅಂದರೆ ಅಕ್ಕನ ಗಂಡ, ಬೀಗ ರಿಪೇರಿಯವರು. ಬಸ್ ನಿಲ್ದಾಣದ ಎದುರಿನ ಕಟ್ಟಡದಲ್ಲಿ ಮೆಟ್ಟಿಲ ಕೆಳಗಿನ ಸಂದಿಯೇ ಅವರ ಅಂಗಡಿ. ನೆಟ್ಟಗೆ ನಿಂತರೆ ತಲೆಗೆ ಮೆಟ್ಟಿಲು ಬಡಿಯುತ್ತದೆ. ಹಾಗಾಗಿ ಮೂವತ್ತು ವರ್ಷದಿಂದ ಅವರು ಅಲ್ಲಿ ನೆಟ್ಟಗೆ ನಿಂತದ್ದೇ ಇಲ್ಲ. ಅರ ಹಿಡಿದು ಕಿರ್ರೋ ಎಂದು ಕೀ ಉಜ್ಜುತ್ತ ಕೂತರೆ ಗಿರಾಕಿ ಹೇಳಿದ್ದರಲ್ಲಿ ಅರ್ಧವೂ ಕಿವಿಗೆ ಬೀಳುವುದಿಲ್ಲ. ಅದಕ್ಕೇ ಎಲ್ಲದಕ್ಕೂ ಒಂದೇ ಉತ್ತರ: “ಹೂಂ.”

ಅದರ ಅರ್ಥ ಒಪ್ಪಿದೆ ಎಂದಲ್ಲ. ‘ನೀವು ಹೇಳ್ತಾ ಇರಿ, ನಾನು ಇಲ್ಲೇ ಇದ್ದೀನಿ’ ಎಂದು. ಮದುವೆ ಮಾತುಕತೆಯ ದಿನ ನಮ್ಮಪ್ಪ ಅವರೊಡನೆ ಒಂದು ಗಂಟೆ ಮಾತಾಡಿ, “ಹುಡುಗ ಎಲ್ಲದಕ್ಕೂ ಒಪ್ಪಿಬಿಟ್ಟ” ಎಂದು ಹಿಗ್ಗಿ ಮನೆಗೆ ಬಂದಿದ್ದರು. ಹುಡುಗ ಏನನ್ನೂ ಒಪ್ಪಿರಲಿಲ್ಲ. ಸುಮ್ಮನೆ ಕೇಳಿಸಿಕೊಂಡಿದ್ದ, ಅಷ್ಟೆ.

ಈ ‘ಹೂಂ’ ಒಂದು ದಿನ ಅವರನ್ನು ಜೈಲಿನ ಬಾಗಿಲ ತನಕ ಕರೆದೊಯ್ದಿತು.

ರಸ್ತೆಯಾಚೆಯ ಬಟ್ಟೆ ಅಂಗಡಿಯಲ್ಲಿ ಕಳವಾಗಿತ್ತು. ಬೀಗ ಒಡೆದಿರಲಿಲ್ಲ, ಯಾರೋ ಕೀ ಹಾಕಿ ತೆರೆದಿದ್ದರು. ಆ ಬೀಗಕ್ಕೆ ಕೀ ಮಾಡಿಕೊಟ್ಟವರು ಭಾವ. ಬೆಳಿಗ್ಗೆ ಹತ್ತಕ್ಕೆ ಪೊಲೀಸರು ಅವರನ್ನು ಕರೆದೊಯ್ದರು. ಸುದ್ದಿ ತಿಳಿದು ನಾನೂ ಠಾಣೆಗೆ ಓಡಿದೆ. ಅಷ್ಟರಲ್ಲಿ ವಿಚಾರಣೆ ಶುರುವಾಗಿತ್ತು.

“ಕೀ ಮಾಡಿಕೊಟ್ಟಿದ್ದು ನೀನೇ ತಾನೆ?” ಎಂದರು ಠಾಣೆಯ ಸಾಹೇಬರು.

“ಹೂಂ.”

“ಜೊತೆಗೆ ನಿನಗೂ ಅಂತ ಒಂದು ಮಾಡಿ ಇಟ್ಕೊಂಡೆ?”

“ಹೂಂ.”

“ಅದರಲ್ಲೇ ಬೀಗ ತೆಗೆದೆ. ಬಟ್ಟೆ ಎತ್ತಿದೆ.”

“ಹೂಂ.”

ಸಾಹೇಬರ ಸರ್ವೀಸಿನಲ್ಲೇ ಇಷ್ಟು ಸಲೀಸಾಗಿ ಯಾರೂ ತಪ್ಪೊಪ್ಪಿಕೊಂಡಿರಲಿಕ್ಕಿಲ್ಲ. ಎರಡು ಹಾಳೆ ತುಂಬಿಸಿ ಭಾವನ ಮುಂದೆ ತಳ್ಳಿ, “ಸಹಿ ಹಾಕು” ಎಂದರು. ನಾಲ್ಕು ಅಕ್ಷರ ಬರೆಯುವವನೆಂದು ಮನೆಯಲ್ಲಿ ನನಗೆ ಬುದ್ಧಿವಂತನ ಪಟ್ಟ. ಆ ಬುದ್ಧಿವಂತ ಹೇಳಿದ್ದೇನು? “ಹಾಕ್ಬಿಡಿ ಭಾವ, ಬೇಗ ಮನೆಗೆ ಹೋಗೋಣ.” ಸಹಿ ಹಾಕಿದರೆ ಹೋಗುವುದು ಮನೆಗಲ್ಲ ಎಂಬುದು ನನಗೆ ಹೊಳೆಯಲೇ ಇಲ್ಲ.

ಅಷ್ಟರಲ್ಲಿ ಅಕ್ಕ ಬಂದಳು. ಮುಷ್ಟಿಯಲ್ಲಿ ಸೆರಗು, ಉಸಿರು ಮೇಲೆ ಕೆಳಗೆ.

“ರೀ, ಪೆನ್ನು ಕೆಳಗಿಡಿ! ಕಳ್ಳ ಅಂತ ಒಂದ್ಸಲ ಬರೆದುಕೊಟ್ಟರೆ ನಿಮ್ಮ ಕೈಗೆ ಬೀಗದ ಕೈ ಯಾರು ಕೊಡ್ತಾರೆ?” ಎಂದವಳೇ ನನ್ನ ಕಡೆ ತಿರುಗಿ, “ನೀನೊಬ್ಬ, ಉಪಕಾರಕ್ಕೆ ಬಂದವನು!” ಎಂದಳು. ಆಮೇಲೆ ಸಾಹೇಬರಿಗೆ, “ಇವರು ಸಹಿ ಹಾಕಲ್ಲ ಸರ್. ಮೂಲಭೂತ ಹಕ್ಕಿದೆ.”

“ಯಾವ ಹಕ್ಕಮ್ಮಾ?”

ಅಕ್ಕ ಓದಿದ್ದು ಏಳನೇ ಕ್ಲಾಸು. ಆದರೆ ಮಗಳ ಪರೀಕ್ಷೆಗೆಂದು ಮೂಲಭೂತ ಹಕ್ಕುಗಳನ್ನು ಬಾಯಿಪಾಠ ಮಾಡಿಸಿ ಮಾಡಿಸಿ, ಮಗಳು ಮರೆತರೂ ತಾನು ಮರೆತಿರಲಿಲ್ಲ. ಕಣ್ಣು ಮುಚ್ಚಿ ಶುರು ಮಾಡಿದಳು. “ಸಮಾನತೆಯ ಹಕ್ಕು. ಕಾನೂನಿನ ಮುಂದೆ ಎಲ್ಲರೂ ಸಮಾನರು. ಸ್ವಾತಂತ್ರ್ಯದ ಹಕ್ಕು...”

“ನೇರ ವಿಷಯಕ್ಕೆ ಬನ್ನಿ ತಾಯಿ.”

“ಮಧ್ಯದಿಂದ ಬರಲ್ಲ ಸರ್. ಸಮಾನತೆಯ ಹಕ್ಕು. ಕಾನೂನಿನ ಮುಂದೆ...”

ಫೋನು ಬಡಿದುಕೊಂಡಿತು. ಅಕ್ಕ ಮತ್ತೆ ಮೊದಲಿನಿಂದ. ಈ ಸಲ ಸಾಹೇಬರೇ “ಹಾಂ, ಸ್ವಾತಂತ್ರ್ಯದ ಹಕ್ಕು, ಮುಂದೆ?” ಎಂದು ಎತ್ತಿಕೊಟ್ಟರು.

“ಯಾವ ಆರೋಪಿಯನ್ನೂ ತನ್ನ ವಿರುದ್ಧ ತಾನೇ ಸಾಕ್ಷಿ ಹೇಳುವಂತೆ ಒತ್ತಾಯಿಸತಕ್ಕದ್ದಲ್ಲ. ಬಂಧಿತನನ್ನು ಇಪ್ಪತ್ನಾಲ್ಕು ಗಂಟೆಗಳೊಳಗೆ ನ್ಯಾಯಾಧೀಶರ ಮುಂದೆ ಹಾಜರುಪಡಿಸತಕ್ಕದ್ದು. ಎರಡು ಅಂಕ!”

ಅಂಕದ ಸಮೇತ ಬಂತು. ಸಾಹೇಬರು ನಗಲಿಲ್ಲ, ಸಹಿಯಿಲ್ಲದ ಹಾಳೆಗಳನ್ನು ಫೈಲಿಗೆ ಸೇರಿಸಿದರು.

ಮರುದಿನ ಒಂಬತ್ತೂವರೆಗೆ ಭಾವ ನ್ಯಾಯಾಧೀಶರ ಮುಂದೆ ನಿಂತಿದ್ದರು. ನ್ಯಾಯಾಧೀಶರು ಹಾಳೆಗಳನ್ನು ಓದಿ, ಕನ್ನಡಕ ತೆಗೆದು ಒರೆಸಿ, ಮತ್ತೊಮ್ಮೆ ಓದಿದರು.

“ವಕೀಲರನ್ನು ಇಟ್ಟುಕೊಳ್ಳೋ ಹಕ್ಕು ನಿಮಗಿದೆ. ಬೇಕಾ?”

“ಹೂಂ.”

“ಬೇಡ್ವಾ?”

“ಹೂಂ.”

ನ್ಯಾಯಾಧೀಶರು ಸ್ವಲ್ಪ ಮುಂದಕ್ಕೆ ಬಾಗಿದರು. “ಆ ಬೀಗ ತೆಗೆದಿದ್ದು ನಾನೇ ಇರಬಹುದು.”

“ಹೂಂ.”

ಕೋರ್ಟು ಗೊಳ್ಳೆಂದಿತು. ಅವರು ಮಾತ್ರ ದನಿ ತಗ್ಗಿಸಿ ಕೇಳಿದರು: “ನೀವು ಕದ್ದಿರಾ? ಉತ್ತರ ಹೇಳಲೇಬೇಕು ಅಂತೇನಿಲ್ಲ.”

“ಇಲ್ಲ ಸ್ವಾಮಿ,” ಎಂದರು ಭಾವ. “ನಿನ್ನೆಯಿಂದ ಇದನ್ನೇ ಹೇಳೋಣ ಅಂತಿದ್ದೆ. ಸಾಹೇಬರು ಮಾತು ಮುಗಿಸ್ಲಿ ಅಂತ ಕಾಯ್ತಿದ್ದೆ.”

ಬೇರೇನು ಸಾಕ್ಷ್ಯವಿದೆ ಎಂದು ಕೇಳಿದರೆ ಸಾಹೇಬರ ಬಳಿ ಏನೂ ಇರಲಿಲ್ಲ. ಭಾವನನ್ನು ಬಿಟ್ಟರು.

ಅಕ್ಕ ಒಪ್ಪಿಸಿದ ಆ ಸಾಲುಗಳನ್ನು ಸಂವಿಧಾನದಲ್ಲಿ ಬರೆದವರು ಯಾರೂ ನನ್ನ ಭಾವನನ್ನು ಕಂಡವರಲ್ಲ. ಎಲ್ಲೋ ದೊಡ್ಡ ಸಭಾಂಗಣದಲ್ಲಿ ಕೂತು, ಮುಂದೆಂದೋ ಮಾತು ಬಾರದವನೊಬ್ಬ ಠಾಣೆಯಲ್ಲಿ ಸಿಕ್ಕಿಬಿದ್ದಾನು ಎಂದು ಯೋಚಿಸಿ, ಅವನಿಗಾಗಿ ಎರಡು ವಾಕ್ಯ ಬರೆದಿಟ್ಟು ಹೋದರು. ಒಡಹುಟ್ಟಿದವಳ ಗಂಡನಿಗೆ ನನ್ನಿಂದ ಮಾಡಲಾಗದ್ದನ್ನು ಆ ಅಪರಿಚಿತರು ಮಾಡಿದರು. ಕೈ ಮುಗಿಯೋಣವೆಂದರೆ ವಿಳಾಸ ಗೊತ್ತಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಬಿಡುಗಡೆಯಾದ ಮರುದಿನ ಭಾವ ಅಂಗಡಿ ತೆರೆದರು. ನಾನೂ ಅಕ್ಕನೂ ಜೊತೆಗೆ ಕೂತೆವು. ಹತ್ತರವರೆಗೆ ಯಾರೂ ಬರಲಿಲ್ಲ. ಆಮೇಲೆ ಮೇಲಿನ ಮಹಡಿಯ ಟೀಚರಮ್ಮ ಸರಸರ ಇಳಿದು ಬಂದು, ಇಡೀ ಮನೆಯ ಬೀಗದ ಕೈಗೊಂಚಲನ್ನು ಭಾವನ ಮುಂದಿಟ್ಟರು.

“ಇದರಲ್ಲಿ ಬೀರು ಕೀ ಒಂದು ಸವೆದಿದೆ. ಯಾವುದು ಅಂತ ನೀವೇ ನೋಡ್ಕೊಳ್ಳಿ. ಸ್ಕೂಲಿಗೆ ಲೇಟಾಯ್ತು, ಸಂಜೆ ಬರ್ತೀನಿ” ಎಂದವರೇ, ಹಿಂದಿರುಗಿಯೂ ನೋಡದೆ ಬಸ್ಸು ಹತ್ತಿದರು.