ಪಕ್ಕದ ಮನೆ ನೋಡಿ ಡಿಶ್ ಕೂರಿಸುತ್ತಿದ್ದವರು

ಡಿಶ್ ಕೂರಿಸುವಾಗ ಗೋವಿಂದಪ್ಪ ಆಕಾಶ ನೋಡುತ್ತಿರಲಿಲ್ಲ, ಪಕ್ಕದ ಮನೆ ನೋಡುತ್ತಿದ್ದರು. ಆಂಡರ್ಸನ್‌ಪೇಟೆಯ ನನ್ನ ಬಾಡಿಗೆ ಮನೆಯ ತಾರಸಿ ಹತ್ತಿದ ಮೊದಲ ದಿನ, ಬಾಯಲ್ಲಿ ಎರಡು ಬೋಲ್ಟು ಕಚ್ಚಿಕೊಂಡು ಆಚೆ ಮನೆಯ ಡಿಶ್ಶನ್ನೇ ದಿಟ್ಟಿಸಿದರು. ನಮ್ಮದನ್ನೂ ಹಾಗೇ ತಿರುಗಿಸಿ ಬಿಗಿದರು. ಚಿತ್ರ ಬಂತು. ಸಿಗ್ನಲ್ ಅಳೆಯುವ ಮೀಟರ್ ಇಲ್ಲವೇ ಎಂದು ಕೇಳಿದೆ.

"ಮೀಟ್ರು ಯಾಕ್ ಮೇಡಂ? ಊರೆಲ್ಲಾ ಒಂದೇ ಕಡೆ ನೋಡ್ತೈತೆ. ನಾವೊಬ್ರೇ ಬ್ಯಾರೆ ಕಡೆ ನೋಡುದ್ರೆ ಏನ್ ಸಿಕ್ತೈತೆ?"

ಅವರು ನನ್ನೊಡನೆ ಕನ್ನಡ, ಹೆಂಡತಿಯೊಡನೆ ತೆಲುಗು, ಏಣಿಯೊಡನೆ ತಮಿಳು ಮಾತಾಡುತ್ತಿದ್ದರು. ಏಣಿ ಜಾರಿದಾಗ ಬೈಯಲು ಉಳಿದೆರಡು ಸಾಲುವುದಿಲ್ಲವಂತೆ. ಎಂದೋ ಬಿಟ್ಟ ಕಂಪನಿಯ ಬಣ್ಣಗೆಟ್ಟ ಅಂಗಿಯನ್ನೇ ತೊಡುತ್ತಿದ್ದರು. ಅದು ನೀಲಿ ಎಂದು ಬರೆಯಹೊರಟೆ. ಹಸಿರಿದ್ದರೂ ಇದ್ದೀತು.

ಬಂಗಾರಪೇಟೆಯ ಕಾಲೇಜೊಂದರಲ್ಲಿ ನಾನು ಇಂಗ್ಲಿಷ್ ಪಾಠ ಮಾಡುತ್ತೇನೆ. ಅದಕ್ಕೇ ಒಂದು ಸಂಜೆ ಅವರು ನನ್ನನ್ನು ಹುಡುಕಿಕೊಂಡು ಬಂದರು. ಅಳಿಯ ಮಂಜನಿಗೆ ಯಾಟ್‌ನಲ್ಲಿ, ಅಂದರೆ ಶ್ರೀಮಂತರೊಬ್ಬರು ದೇಶ ಸುತ್ತಲು ಇಟ್ಟುಕೊಂಡಿದ್ದ ಖಾಸಗಿ ಹಡಗಿನಲ್ಲಿ, ವೈರಿಂಗ್ ಮತ್ತು ಟಿ.ವಿ. ನೋಡಿಕೊಳ್ಳುವ ಕೆಲಸ ಸಿಗುವಂತಿತ್ತು. ಡಿಶ್ ಕೆಲಸದಲ್ಲಿ ಐದು ವರ್ಷದ ಅನುಭವವಿದೆ ಎಂದು ಪತ್ರ ಬೇಕು. ಮಂಜ ಮಾವನ ಏಣಿ ಹಿಡಿದದ್ದು ಹೆಚ್ಚೆಂದರೆ ಐದು ತಿಂಗಳು.

"ಬರ್ಕೊಡಿ ಮೇಡಂ. ಮಿಕ್ಕಿದ್ದು ಫೋನ್ನಾಗೆ ನಾನು ಏಳ್ಕೊಡ್ತೀನಿ."

ಬರೆದುಕೊಟ್ಟೆ. ಯಾಕೆ ಕೊಟ್ಟೆನೆಂದು ನನ್ನ ದಿನಚರಿಯಲ್ಲಿ ಹುಡುಕಿದರೆ ಇರುವುದು ಇಷ್ಟೇ: 'ಗೋ. ಬಂದಿದ್ದರು. ಪತ್ರ.'

ಎರಡು ತಿಂಗಳ ಮೇಲೆ ಒಂದು ಭಾನುವಾರ ಮಧ್ಯಾಹ್ನ ಗೋವಿಂದಪ್ಪ ಫೋನ್ ಹಿಡಿದು ಓಡಿ ಬಂದರು. ವಿಡಿಯೋ ಕಾಲ್‌ನಲ್ಲಿ ಮಂಜ. ಹಡಗು ಟರ್ಕಿಯ ಒಂದು ಬಂದರಿನಲ್ಲಿತ್ತು. ಬೆಳಗ್ಗೆಯಿಂದ ಟಿ.ವಿ. ಸತ್ತಿತ್ತು. ಇನ್ನೊಂದು ಗಂಟೆಯಲ್ಲಿ ಯಜಮಾನರು ಗೆಳೆಯರೊಡನೆ ಮ್ಯಾಚ್ ನೋಡಲು ಬರುವವರಿದ್ದರು. ಅಷ್ಟರಲ್ಲಿ ಚಿತ್ರ ಬಾರದಿದ್ದರೆ ಮಂಜನನ್ನು ಅಲ್ಲೇ ಇಳಿಸಿ ಊರಿಗೆ ಕಳಿಸುವುದಾಗಿ ಕ್ಯಾಪ್ಟನ್ ಹೇಳಿದ್ದ. ಮಂಜನ ಹೆಂಡತಿ, ಏಳು ತಿಂಗಳ ಬಸುರಿ, ತಂದೆಯ ಹಿಂದೆಯೇ ಬಂದು ಮೆಟ್ಟಿಲ ಮೇಲೆ ಕೂತಳು.

ಆ ಡಿಶ್ಶು ಬೋರಲು ಹಾಕಿದ ಇಡ್ಲಿ ಪಾತ್ರೆಯಂಥ ಬಿಳಿ ಮುಚ್ಚಳದೊಳಗಿತ್ತು. ಹಡಗು ಎತ್ತ ತಿರುಗಿದರೂ ಅದು ತಾನೇ ತಿರುಗಿ ಸ್ಯಾಟಲೈಟ್ ಹುಡುಕಿಕೊಳ್ಳುತ್ತದೆ. ಮಂಜ ಕಳಿಸಿದ ಕೈಪಿಡಿಯನ್ನು ನಾನು ಓದಿ ಕನ್ನಡದಲ್ಲಿ ಹೇಳಿದೆ, ಗೋವಿಂದಪ್ಪ ಅಪ್ಪಣೆ ಕೊಟ್ಟರು, ಮಂಜ ಮಾಡಿದ. ಕೇಬಲ್ ಬಿಚ್ಚಿ ಹಾಕಿದ್ದಾಯಿತು. ಟಿ.ವಿ.ಯ ಸೆಟ್-ಟಾಪ್ ಪೆಟ್ಟಿಗೆ ಆರಿಸಿ ಹೊತ್ತಿಸಿದ್ದಾಯಿತು. ಡಿಶ್ ಸುತ್ತುತ್ತಲೇ ಇತ್ತು. ಮುಕ್ಕಾಲು ಗಂಟೆ ಹೋಯಿತು.

"ಮಾವ, ಇನ್ನ ಕಾಲು ಗಂಟೆ ಐತೆ ಅಷ್ಟೇ."

"ಇರ್ಲಿ, ಸ್ಪ್ಯಾನರ್ ಮಾತ್ರ ಬೀಳುಸ್ಬ್ಯಾಡ. ಪಕ್ಕದ ಅಡಗಿನ ಡಿಶ್ಶು ತೋರ್ಸು."

"ಎಲ್ಲಾನೂ ಮುಚ್ಚಳದಾಗೈತೆ ಮಾವ. ಏನೂ ಕಾಣಲ್ಲ."

ಗೋವಿಂದಪ್ಪನ ಮುಖ ಬಿಳಿಚಿದ್ದನ್ನು ನಾನು ಕಂಡದ್ದು ಅದೊಂದೇ ಸಲ. ಪಕ್ಕದ ಮನೆಯೇ ಇಲ್ಲದ ಜಾಗಕ್ಕೆ ಅಳಿಯನನ್ನು ಕಳಿಸಿಬಿಟ್ಟಿದ್ದರು. ಆಮೇಲೆ, "ದಡದಾಗೆ ಮನೆಗ್ಳಿಲ್ವಾ? ಅವುಗ್ಳ್ನ ತೋರ್ಸು" ಎಂದರು.

ಮಂಜ ಫೋನ್ ತಿರುಗಿಸಿದ. ದಡದ ಮನೆಗಳ ಬಾಲ್ಕನಿಗಳಲ್ಲಿ ಸಾಲಾಗಿ ಡಿಶ್ಶುಗಳು. ಗೋವಿಂದಪ್ಪ ಫೋನನ್ನು ಮೂಗಿಗೆ ತಾಗಿಸಿಕೊಂಡಂತೆ ಹಿಡಿದರು.

"ಅಯ್ಯಯ್ಯೋ ಮೇಡಂ, ನಾನ್ ಎಂಥಾ ದಡ್ಡ! ನಮ್ಮೂರಾಗೆ ಡಿಶ್ಶು ಮಲಗ್ದಂಗೆ ಮೇಲಕ್ಕೆ ನೋಡ್ತಾ ಇರ್ತೈತೆ. ಇಲ್ನೋಡಿ, ಗೋಡೆ ಕನ್ನಡಿ ತರ ನಿಂತವೆ. ಅಲ್ಲಿ ಸ್ಯಾಟಲೈಟು ನೆತ್ತಿ ಮ್ಯಾಲಿಲ್ಲ, ಕೆಳಗೈತೆ. ಲೇ ಮಂಜಾ, ಅವೆಲ್ಲಾ ಯಾವ ಕಡೆ ನೋಡ್ತವೆ? ಆ ದಿಕ್ಕಾಗೆ ನಿಮ್ಮ ಪಕ್ಕ ಏನೈತೆ?"

"ದೊಡ್ಡ ಅಡಗು ಮಾವ. ನಾಕು ಅಂತಸ್ತು. ಬೆಳಗ್ಗೆ ಬಂದು ನಿಂತ್ಕಂತು."

"ಅದೇ ಕಣೋ ಅಡ್ಡ! ನಿಮ್ಮ ಅಡಗು ಸರಿಸಬೇಕು. ಕ್ಯಾಪ್ಟನ್‌ಗೆ ಏಳು."

ಹೇಳುವ ಮೊದಲೇ ಕ್ಯಾಪ್ಟನ್ ಮಂಜನ ಹಿಂದೆ ನಿಂತಿದ್ದ. ಫೋನಿನಲ್ಲಿ ಯಾರು, ಐದು ವರ್ಷ ಅನುಭವವಿದ್ದವನಿಗೆ ಇಷ್ಟೂ ಗೊತ್ತಿರಲಿಲ್ಲವೇ ಎಂದು ಅವನು ಇಂಗ್ಲಿಷಿನಲ್ಲಿ ಕೇಳಿದ್ದು ನಮಗೆ ಕೇಳಿಸಿತು. ಅವನ ಎತ್ತಿದ ಬೆರಳಿನ ಮೇಲೆ ಫೋನಿನ ಚಿತ್ರ ನಿಂತುಬಿಟ್ಟಿತು. ಮೆಟ್ಟಿಲ ಮೇಲಿದ್ದ ಹುಡುಗಿ ಎದ್ದು ನಿಂತಳು.

ಮುಂದಿನದು ನನಗೆ ನೆನಪಿರುವುದು ಹೀಗೆ: ನಾನು ಫೋನ್ ಕಸಿದುಕೊಂಡು, ಆ ಪತ್ರ ನಾನು ಬರೆದದ್ದು, ಅದು ಸುಳ್ಳು, ಹುಡುಗನನ್ನು ಬಿಟ್ಟುಬಿಡಿ, ಹಡಗನ್ನು ಮಾತ್ರ ಸರಿಸಿ ನೋಡಿ ಎಂದು ಹೇಳಿದೆ. ಗೋವಿಂದಪ್ಪ ಚಹಾ ಅಂಗಡಿಯಲ್ಲಿ ಹೇಳುತ್ತಿದ್ದದ್ದೇ ಬೇರೆ: "ನಾನು ಇಂಗ್ಲೀಷ್ನಾಗೇ ಏಳ್ದೆ ಕಣ್ಲಾ! ಮಿಸ್ಟೇಕ್ ಮೈನ್ ಸಾರ್, ಬಾಯ್ ನೋ ಮಿಸ್ಟೇಕ್, ಶಿಪ್ ಮೂವ್! ಕ್ಯಾಪ್ಟನ್ ತಣ್ಣಗಾಗೋದ." ಅವರು ಫೋನಿಗೆ ಏನೋ ಕೂಗಿದ್ದು ನಿಜ. ಆದರೆ ನಾನು ಹೇಳಿದ್ದನ್ನು ಅವರು ತಮ್ಮದು ಮಾಡಿಕೊಂಡರು ಎಂದು ಒಳಗೊಳಗೇ ಕಸಿವಿಸಿಯಾಗುತ್ತಿತ್ತು. ದಿನಚರಿಯಲ್ಲಿ ಆ ಪುಟ ಖಾಲಿ.

ಕಾಲು ಗಂಟೆಯಲ್ಲಿ ಮಂಜನಿಂದ ಒಂದು ಫೋಟೋ ಬಂತು: ಟಿ.ವಿ.ಯಲ್ಲಿ ಹಸಿರು ಮೈದಾನ, ಬೌಲರ್ ಓಡುತ್ತಿದ್ದಾನೆ. ಅವನನ್ನು ಇಳಿಸಲಿಲ್ಲ. ವೈರಿಂಗ್ ಮುಟ್ಟಬೇಡವೆಂದು ಡೆಕ್ ಒರೆಸಲು ಹಾಕಿದರು. ವರ್ಷ ಕಳೆದ ಮೇಲೆ ಅವನೇ ಕೇಳಿಕೊಂಡು ಕೆಲಸ ಕಲಿತ.

ಹೋದ ವರ್ಷ ಗೋವಿಂದಪ್ಪ ತೀರಿಕೊಂಡರು. ಯಾರದೋ ತಾರಸಿಯಿಂದ ಕೆಳಗಿಳಿದು ನೀರು ಕೇಳಿದರಂತೆ, ತರುವಷ್ಟರಲ್ಲಿ ಇರಲಿಲ್ಲ. ಮಂಜ ಬರುವ ಹೊತ್ತಿಗೆ ಹನ್ನೊಂದನೇ ದಿನ. ಶಾಮಿಯಾನದಡಿ ಎಲೆ ಎತ್ತುತ್ತಿದ್ದವನನ್ನು ಕರೆದು, ಬಹುದಿನದಿಂದ ಕೊರೆಯುತ್ತಿದ್ದದ್ದನ್ನು ಕೇಳಿಯೇಬಿಟ್ಟೆ. ಅವತ್ತು ಕ್ಯಾಪ್ಟನ್‌ಗೆ ನಿಜ ಹೇಳಿದ್ದು ನಾನೋ, ನಿಮ್ಮ ಮಾವನೋ?

ಮಂಜ ಸಂಕೋಚದಿಂದ ಕೈ ಒರೆಸಿಕೊಂಡ.

"ಇಬ್ರೂ ಅಲ್ಲ ಮೇಡಂ. ಕ್ಯಾಪ್ಟನ್ನು ಬೆರಳೆತ್ತಿದ ತಕ್ಷಣ ಎದ್ರಿ ಫೋನ್ ಕಟ್ ಮಾಡ್ಬುಟ್ಟಿದ್ದೆ. ನಂಗೆ ಕೆಲ್ಸ ಬರಲ್ಲ ಸಾರ್, ಆ ಪತ್ರ ಸುಳ್ಳು, ಅಡಗು ಒಂದ್ಸಲ ಸರಿಸಿ ನೋಡಿ ಅಂತ ನಾನೇ ಏಳ್ದೆ."

"ಮಾವನಿಗೆ ಇದು ಗೊತ್ತಿತ್ತಾ?"

"ಇಲ್ಲ. ಊರ್ ತುಂಬಾ ಏಳ್ಕೊಂಡು ಓಡಾಡ್ತಿದ್ರಲ್ಲ ಮೇಡಂ, ಅಳಿಯನ್ನ ಉಳುಸ್ಕೊಂಡೆ ಅಂತ. ಎಂಗೆ ಏಳ್ಲಿ?"