ನೂಲಜ್ಜಿಯ ಹೆಬ್ಬೆಟ್ಟು

ತಾತನ ಕಾಲದಿಂದ ತಳಿ ಕೆಡದಂತೆ ಉಳಿಸಿಕೊಂಡು ಬಂದ ಕರಿ ಕುರಿಗಳ ಉಣ್ಣೆಯನ್ನು ಮುಳ್ಳು ಆರಿಸಿ, ತೊಳೆದು, ಹಿಂಜಿ, ನೂಲು ತೆಗೆಯುತ್ತ ಐವತ್ತು ವರ್ಷ ಕಳೆದ ನೂಲಜ್ಜಿಯ ಬೆರಳುಗಳಲ್ಲಿ ಗೆರೆಗಳೇ ಉಳಿದಿರಲಿಲ್ಲ. ಅದು ಅವಳಿಗೆ ಗೊತ್ತಾದದ್ದು ಪಿಂಚಣಿ ಕಚೇರಿಯ ಯಂತ್ರದ ಮುಂದೆ. ನಾಲ್ಕು ಸಲ ಹೆಬ್ಬೆಟ್ಟು ಒತ್ತಿದಳು. ಜಪ್ಪಯ್ಯ ಅಂದರೂ ಅದು ಒಪ್ಪಲಿಲ್ಲ.

“ನೀವು ಯಾರು ಅಂತ ಇದಕ್ಕೆ ಗೊತ್ತಾಗ್ತಿಲ್ಲ ಅಜ್ಜಿ. ಇನ್ನೊಂದು ದಿನ ಬನ್ನಿ,” ಎಂದ ಗುಮಾಸ್ತ.

ಇನ್ನೊಂದು ದಿನಕ್ಕೆ ಬೆರಳಿನ ಗೆರೆಯೇನು ಚಿಗುರುತ್ತದೆಯೇ? ಅಜ್ಜಿ ಏಳಲಿಲ್ಲ. ಮೇಜಿನಾಚೆ ಕೈ ಚಾಚಿ, ಅವನ ಕರಿ ಸ್ವೆಟರಿನ ತೋಳನ್ನು ಎರಡು ಬೆರಳಲ್ಲಿ ಹೊಸೆದು ನೋಡಿದಳು.

“ಇದು ನನ್ನ ನೂಲು. ಕುಂಟ ಕುರೀದು. ಆ ವರ್ಷ ನನಗೆ ಎಡಗೈ ನೋವಿತ್ತು, ಅದಕ್ಕೇ ಹುರಿ ಸ್ವಲ್ಪ ಸಡಿಲ. ಅಲ್ಲಪ್ಪಾ, ಇದನ್ನ ಕುದಿಯೋ ನೀರಿಗೆ ಹಾಕಿದ ಪುಣ್ಯಾತ್ಮ ಯಾರು?”

ಮೊಣಕೈವರೆಗೆ ಕುಗ್ಗಿಹೋಗಿದ್ದ ತೋಳನ್ನು ಗುಮಾಸ್ತ ಕೆಳಕ್ಕೆ ಎಳೆದುಕೊಂಡ. ಅದು ಬರಲಿಲ್ಲ.

“ನಾನೇ ಅಜ್ಜಿ.”

“ಸರಿ. ನೀನು ಎಂಥವನು ಅಂತ ನನ್ನ ಬೆರಳಿಗೆ ಗೊತ್ತಾಯ್ತು,” ಎಂದಳು ಅಜ್ಜಿ. “ಈಗ ಪೆನ್ನು ತಗೊಂಡು ನಾನ್ಯಾರು ಅಂತ ಬರ್ಕೋ.”