ಇಪ್ಪತ್ತರಲ್ಲಿ ಒಂಬತ್ತು

"ಅಮ್ಮಾ, ನಾನು 'ಕೂದೋ' ಅಂದ್ಮೇಲೇ ಇಂದು ಅಂಕಲ್ ಯಾಕೆ ಜಂಪ್ ಮಾಡ್ತಾರೆ?"

ಏಳು ವರ್ಷದ ಅಪೂರ್ವ ಹೀಗೆ ಕೇಳಿದಾಗ ಧಾರಿಣಿ ದೋಸೆ ಹಿಟ್ಟಿಗೆ ಉಪ್ಪು ಹಾಕುತ್ತಿದ್ದಳು. ನೀನು ಜಾಣೆ, ಅದಕ್ಕೇ ನಿನ್ನ ಮಾತು ಕೇಳುತ್ತಾರೆ ಎಂದು ಒಲೆ ಮುಂದೆ ನಿಂತವರು ಹೇಳುವಂಥ ಏನೋ ಒಂದು ಹೇಳಿ ಮಗಳನ್ನು ಕೈಕಾಲು ತೊಳೆಯಲು ಕಳಿಸಿದಳು. ಮಗಳು ಅಷ್ಟಕ್ಕೇ ಬಿಡಲಿಲ್ಲ. ಮೊದಲೆಲ್ಲ ಟೀವಿ ಆಟದಲ್ಲಿ ಅಂಕಲ್ ತಾವೇ ಹಾರುತ್ತಿದ್ದರು, ಈಗ ಹಳ್ಳ ಬಂದರೂ ನಡೆದುಕೊಂಡೇ ಹೋಗಿ ಬಿದ್ದುಬಿಡುತ್ತಾರೆ ಎಂದು ನಲ್ಲಿಯ ಸದ್ದಿನ ನಡುವೆಯೂ ವರದಿ ಒಪ್ಪಿಸುತ್ತಲೇ ಇದ್ದಳು. ಧಾರಿಣಿ ಹಿಟ್ಟು ಕಲಸಿ ಮುಚ್ಚಳ ಮುಚ್ಚಿದಳು.

ಇಂದುಶೇಖರ ಎದುರು ಫ್ಲ್ಯಾಟಿನವರು. ಉತ್ತರ ಭಾರತದ ಮಾನೇಸರ್‌ನ ಆ ಸೊಸೈಟಿಯಲ್ಲಿ ಕನ್ನಡ ಮಾತಾಡುವ ಮನೆಗಳು ಎರಡೇ. ಅವೆರಡೂ ಒಂದೇ ಮಹಡಿಯಲ್ಲಿ ಎದುರುಬದುರು ಸಿಕ್ಕಿದ್ದು ಅದೃಷ್ಟ. ಇಂದುಶೇಖರ ಹರಿಹರದವರು, ವಯಸ್ಸು ನಲವತ್ತಾರು. ಹೆಂಡತಿ ವಿಮಲಾ ಅಲ್ಲೇ ಸರ್ಕಾರಿ ಶಾಲೆಯಲ್ಲಿ ಟೀಚರ್. ಆ ಕೆಲಸ ಬಿಟ್ಟು ಬರುವಂತಿರಲಿಲ್ಲ, ಈ ಕೆಲಸ ಬಿಟ್ಟು ಹೋಗುವಂತಿರಲಿಲ್ಲ. ಬೇಸಿಗೆ ರಜೆಯ ಎರಡು ತಿಂಗಳು ಆಕೆ ಇಲ್ಲಿಗೆ ಬರುತ್ತಿದ್ದರು. ಉಳಿದ ಹತ್ತು ತಿಂಗಳು ಇಂದುಶೇಖರರ ಭಾನುವಾರದ ಊಟ ಧಾರಿಣಿಯ ಮನೆಯಲ್ಲಿ, ಅಪೂರ್ವಳ ಸಂಜೆಗಳು ಇಂದುಶೇಖರರ ಮನೆಯಲ್ಲಿ. ಧಾರಿಣಿಗೆ ಅವರು ಇಂದಣ್ಣ.

ಅವರ ಕೆಲಸವೆಂದರೆ ನೋಡುವುದು. ಕಾರಿನ ಬ್ರೇಕಿಗೆ ಬೇಕಾದ ಎರಕದ ಭಾಗವೊಂದನ್ನು ಅವರ ಕಾರ್ಖಾನೆ ತಯಾರಿಸುತ್ತಿತ್ತು. ಸಾಲಿನ ಕಟ್ಟಕಡೆಯ ಮೇಜಿನಲ್ಲಿ ಕೂತು, ಬಂದ ಒಂದೊಂದನ್ನೂ ಬಿಳಿ ದೀಪದ ಕೆಳಗೆ ಹಿಡಿದು ತಿರುಗಿಸಿ, ಕೂದಲೆಳೆಯಷ್ಟು ಬಿರುಕು ಕಂಡರೂ ಕೆಂಪು ಡಬ್ಬಕ್ಕೆ ಎಸೆಯಬೇಕು. ಹತ್ತೊಂಬತ್ತು ವರ್ಷ ಇದನ್ನೇ ಮಾಡಿದ್ದರು. ಆ ಕಣ್ಣಿಗೆ ಸೊಸೈಟಿಯಲ್ಲೂ ಬೆಲೆಯಿತ್ತು. ಗೋಡೆಗೆ ಬಣ್ಣ ಬಳಿದ ಕಂಟ್ರಾಕ್ಟರು ಇವರನ್ನು ಕಂಡರೆ ಏಣಿ ಮಡಿಸಿಕೊಂಡು ಮಾಯವಾಗುತ್ತಿದ್ದ. ತರಕಾರಿ ಗಾಡಿಯ ಭಯ್ಯಾ ಇವರಿಗೆ ಮಾತ್ರ ಟೊಮೆಟೊ ತಾನೇ ಆರಿಸಿ ಕೊಡುತ್ತಿದ್ದ. ಇವರು ಆರಿಸಲು ನಿಂತರೆ ಉಳಿದ ಗಿರಾಕಿಗಳೂ ತಮ್ಮ ಚೀಲ ಬಿಚ್ಚಿ ತೋರಿಸುತ್ತಾರೆಂಬ ಭಯ ಅವನಿಗೆ.

ಇಂಥವರ ಮನೆಗೆ ಗೇಮ್ ಕನ್ಸೋಲ್ ಬಂದದ್ದೂ ಕಾರ್ಖಾನೆಯಿಂದಲೇ. ಮೂರು ದೀಪಾವಳಿಯ ಹಿಂದಿನ ಲಕ್ಕಿ ಡ್ರಾದಲ್ಲಿ ಉಳಿದವರಿಗೆಲ್ಲ ಮಿಕ್ಸಿ, ಸ್ಟೀಲ್ ಡಬ್ಬಿ ಸಿಕ್ಕಿದರೆ ಇವರಿಗೆ ಮೊದಲ ಬಹುಮಾನ ಸಿಕ್ಕಿತು. ಮಾರಿಬಿಡೋಣ ಎಂದುಕೊಂಡೇ ಪೆಟ್ಟಿಗೆ ಬಿಚ್ಚಿದರು. ಕೆಲಸ ಮಾಡುತ್ತದೋ ಇಲ್ಲವೋ ನೋಡಿಕೊಡುತ್ತೇನೆಂದು ಧಾರಿಣಿಯ ಗಂಡ ಅಭಿಷೇಕ್ ಅದನ್ನು ಟೀವಿಗೆ ಜೋಡಿಸಿದ. ಹಾಳು ಕೋಟೆಯೊಂದರ ಗೋಡೆ ಹತ್ತಿ ಇಳಿಯುವ ಆಟ ಅದು. ಆ ಸಂಜೆಯಿಂದ ಮಾರುವ ಮಾತು ನಿಂತುಹೋಯಿತು. ಇಡೀ ದಿನ ಬಿರುಕು ಹುಡುಕಿ ಬಂದವರಿಗೆ ಕೋಟೆಯ ಬಿರುಕಿನಲ್ಲಿ ಬೆರಳಿಟ್ಟು ಮೇಲೆ ಹತ್ತುವುದೇ ವಿಶ್ರಾಂತಿಯಾಯಿತು.

ಈ ವರ್ಷದ ಮಳೆಗಾಲ ಮುಗಿಯುತ್ತಿದ್ದಂತೆ ಅವರು ಹೊಸ ರಾಗ ತೆಗೆದರು. ಯಂತ್ರ ಹಳೆಯದಾಗಿದೆ, ಚಿತ್ರ ಮಂಕಾಗುತ್ತಿದೆ, ಇದರದೇ ಮುಂದುವರಿದ ಮಾದರಿ ಬಂದಿದೆಯಂತೆ, ಪ್ರೊ ಅಂತೆ, ಅದನ್ನು ಕೊಂಡುಬಿಡೋಣವೇ ಎಂದು ಭಾನುವಾರದ ಊಟಕ್ಕೆ ಕೂತಾಗಲೆಲ್ಲ ಅದೇ ಮಾತು. ಅಭಿಷೇಕ್ ಒಪ್ಪಲಿಲ್ಲ. ಪೂರ್ತಿ ಹೊಸ ಯಂತ್ರ ಬರುವವರೆಗೆ ಕಾಯಬೇಕು, ನಡುವೆ ಬರುವ ಇಂಥವು ತೃಪ್ತಿಯಿಲ್ಲದವರಿಗಾಗಿ ಮಾಡಿದ್ದು ಎಂಬುದು ಅವನ ಸಿದ್ಧಾಂತ.

"ಇಂದಣ್ಣ, ಅದೇ ಆಟ, ಅದೇ ಕೋಟೆ. ಗೋಡೆ ಮೇಲಿನ ಪಾಚಿ ಇನ್ನೊಂಚೂರು ಚೆನ್ನಾಗಿ ಕಾಣುತ್ತೆ ಅಷ್ಟೇ. ಪಾಚಿ ನೋಡೋಕೆ ಅಷ್ಟು ದುಡ್ಡಾ?"

"ನಂಗೆ ಈಗ ಪಾಚಿನೇ ಕಾಣ್ತಿಲ್ವಲ್ಲಪ್ಪ."

ಎಲ್ಲರೂ ನಕ್ಕರು. ಧಾರಿಣಿಯೂ ನಕ್ಕು ಅವರ ತಟ್ಟೆಗೆ ಇನ್ನೊಂದು ಸೌಟು ಸಾರು ಬಡಿಸಿದಳು. 

ನವೆಂಬರ್ ಬಂತು. ಪ್ರತಿ ಚಳಿಗಾಲದಂತೆ ಊರಿಗೆ ಊರೇ ಹೊಗೆಯಲ್ಲಿ ಮುಳುಗಿತು. ಎದುರಿನ ಟವರ್ ಕಾಣಿಸುತ್ತಿಲ್ಲ ಎಂದು ಒಬ್ಬರು ಹೇಳಿದರೆ ನನಗೂ ಇಲ್ಲ ಎಂದು ಹತ್ತು ಜನ ಹೇಳುವ ಕಾಲ. ಕಣ್ಣು ಮಂಜಾದರೆ ಯಾರಿಗೂ ಅನುಮಾನ ಬರುವುದಿಲ್ಲ. ಆ ತಿಂಗಳ ಎರಡನೇ ಶನಿವಾರ ಅಭಿಷೇಕ್ ತನ್ನ ಆಫೀಸಿನ ಗೆಳೆಯನಿಂದ ಆ ಪ್ರೊ ಯಂತ್ರವನ್ನು ಎರಡು ದಿನದ ಮಟ್ಟಿಗೆ ಎರವಲು ತಂದ. ನೋಡಿ, ನೀವೇ ತೀರ್ಮಾನ ಮಾಡಿ ಎಂದ.

ಇಂದುಶೇಖರ ಅರ್ಧ ಗಂಟೆ ಆಡಿದರು. ಕಂಟ್ರೋಲರ್ ಕೆಳಗಿಟ್ಟು, ಏನೂ ವ್ಯತ್ಯಾಸವಿಲ್ಲ, ಬರೀ ಜಾಹೀರಾತು ಎಂದರು. ಇದೆ ಎಂದು ಅಪೂರ್ವ ವಾದಕ್ಕಿಳಿದಳು. ಅಭಿಷೇಕ್‌ಗೆ ತನ್ನ ಮಾತೇ ಗೆದ್ದಿತೆಂಬ ಖುಷಿ. ಆಗ ಇಂದುಶೇಖರ, ಹೀಗೆ ಬಾಯಿಮಾತಲ್ಲಿ ಬೇಡ, ನಮ್ಮ ಫ್ಯಾಕ್ಟರಿ ಪದ್ಧತಿಯಲ್ಲೇ ನೋಡಿಬಿಡೋಣ ಎಂದು ಎದ್ದರು.

ಆ ಪದ್ಧತಿಯನ್ನು ಅವರು ಹಿಂದೆ ಎಷ್ಟೋ ಸಲ ವಿವರಿಸಿದ್ದರು. ಆರು ತಿಂಗಳಿಗೊಮ್ಮೆ, ತಪಾಸಣೆ ಮಾಡುವವರನ್ನೇ ತಪಾಸಣೆ ಮಾಡುತ್ತಾರೆ. ಒಳ್ಳೆಯ ಮತ್ತು ಬಿರುಕುಬಿಟ್ಟ ಭಾಗಗಳನ್ನು ಒಂದು ತಟ್ಟೆಯಲ್ಲಿ ಬೆರೆಸಿ, ಅಡಿಯಲ್ಲಿ ಗುಟ್ಟಿನ ನಂಬರು ಬರೆದು ಮುಂದಿಡುತ್ತಾರೆ. ಯಾವುದು ಯಾವುದೆಂದು ಕಣ್ಣಿಂದಲೇ ಹೇಳಬೇಕು. ತಪ್ಪಿದವರನ್ನು ಅವತ್ತೇ ಮೇಜಿನಿಂದ ಎಬ್ಬಿಸುತ್ತಾರೆ. ಹತ್ತು ವರ್ಷದಿಂದ ಆ ತಟ್ಟೆ ಸಿದ್ಧಮಾಡುತ್ತಿದ್ದವರು ಇಂದುಶೇಖರರೇ. ರಜತ್ ಎಂಬ ಹುಡುಗ ಮೂರು ತಪ್ಪಿ, ಸಾರ್, ಇವತ್ತು ಲೈಟ್ ಸರಿಯಿಲ್ಲ ಎಂದು ಗೋಗರೆದರೂ ಬಿಡದೆ ಪ್ಯಾಕಿಂಗ್‌ಗೆ ಕಳಿಸಿದ್ದನ್ನು ಅವರು ಹೆಮ್ಮೆಯಿಂದಲೇ ಹೇಳುತ್ತಿದ್ದರು.

ಎರಡೂ ಯಂತ್ರಗಳನ್ನು ಒಂದೇ ಟೀವಿಗೆ ಜೋಡಿಸಿ ಬೆಡ್‌ಶೀಟ್ ಹೊದಿಸಿದರು. ಎರಡರಲ್ಲೂ ಆಟ ಒಂದೇ ಜಾಗದಲ್ಲಿ ನಿಂತಿತ್ತು, ಕೋಟೆಯ ಹೆಬ್ಬಾಗಿಲ ಮುಂದೆ. ನೋಡುವವರು ಕಣ್ಣು ಮುಚ್ಚಿರುವಾಗ ಅಭಿಷೇಕ್ ಒಮ್ಮೆ ಇದನ್ನು, ಒಮ್ಮೆ ಅದನ್ನು ಹಾಕುವುದು. ಮೂವರೂ ಕಣ್ಣು ಬಿಟ್ಟು ಹಳೆಯದೋ ಹೊಸದೋ ಎಂದು ತಮ್ಮ ತಮ್ಮ ಚೀಟಿಯಲ್ಲಿ ಬರೆಯುವುದು. ಇಪ್ಪತ್ತು ಸಲ. ಮಾತಾಡುವಂತಿಲ್ಲ. ಇಂದುಶೇಖರ ಬೆನ್ನು ನೇರ ಮಾಡಿ, ಮೊಣಕಾಲ ಮೇಲೆ ರಟ್ಟು ಇಟ್ಟುಕೊಂಡು ಕೂತ ಠೀವಿ ನೋಡಿ ಧಾರಿಣಿಗೆ ನಗು ತಡೆಯಲಾಗಲಿಲ್ಲ.

ಅಭಿಷೇಕ್ ಚೀಟಿಗಳನ್ನು ತಾಳೆ ನೋಡಿದ. ಅಪೂರ್ವಳದು ಇಪ್ಪತ್ತಕ್ಕೆ ಹತ್ತೊಂಬತ್ತು ಸರಿ. ಧಾರಿಣಿಯದು ಹದಿನಾರು. ಇಂದುಶೇಖರರದು ಒಂಬತ್ತು.

"ನಾಣ್ಯ ಹಾರಿಸಿದ್ರೂ ಹತ್ತು ಬರ್ತಿತ್ತಲ್ಲ ಇಂದಣ್ಣ," ಎಂದು ಅಭಿಷೇಕ್ ಕಿಚಾಯಿಸಿದ.

ಅವರು ನಗಲಿಲ್ಲ. ಅಪೂರ್ವಳನ್ನು ಹತ್ತಿರ ಕರೆದು, ನಿಂಗೆ ಹೇಗೆ ಗೊತ್ತಾಯ್ತು ತಾಯಿ ಎಂದು ಕೇಳಿದರು. ಅವಳು ಟೀವಿಯತ್ತ ಬೆರಳು ಮಾಡಿದಳು. "ಈಜೀ ಹೈ ಅಂಕಲ್. ಬಾಗಿಲ ಮೇಲೆ ಬೋರ್ಡ್ ಇದೆ ನಾ, ಹೊಸದ್ರಲ್ಲಿ ಅದರ ಲೆಟರ್ಸ್ ಓದೋಕಾಗತ್ತೆ, ಹಳೇದ್ರಲ್ಲಿ ಧುಂಧಲಾ ಇರತ್ತೆ."

"ಯಾವ ಬೋರ್ಡು?"

ಹೆಬ್ಬಾಗಿಲ ನೆತ್ತಿಯ ಮೇಲೆ, ಪರದೆಯ ನಟ್ಟ ನಡುವೆ, ಮರದ ಹಲಗೆಯೊಂದು ತೂಗುತ್ತಿತ್ತು. ಹಳೆಯ ಯಂತ್ರದಲ್ಲೂ ಅದು ಕಾಣುತ್ತಿತ್ತು. ಅಕ್ಷರ ಮಾತ್ರ ಮಸುಕು. ಮೂರು ವರ್ಷದಿಂದ ಆ ಬಾಗಿಲಲ್ಲಿ ಓಡಾಡಿದವರು ಯಾವ ಬೋರ್ಡು ಎಂದು ಕೇಳುತ್ತಿದ್ದರು. ಇಂದುಶೇಖರ ಎದ್ದು ಟೀವಿಯ ಹತ್ತಿರ ಹೋದರು. ಇನ್ನೂ ಹತ್ತಿರ ಹೋದರು. ಮೂಗು ಪರದೆಗೆ ತಾಗುವಷ್ಟು ಹತ್ತಿರ ನಿಂತು, ತಲೆಯನ್ನು ಓರೆಮಾಡಿ ನೋಡಿದರು. ಅಭಿಷೇಕ್‌ನ ಮುಖದ ನಗು ಹಾಗೇ ಒಣಗಿತು. ಧಾರಿಣಿಗೆ ನೆನಪಾಯಿತು. ಕಳೆದ ತಿಂಗಳು ಗ್ಯಾಸ್ ಸಿಲಿಂಡರಿನವನಿಗೆ ಕೊಡಬೇಕಾದ ಓಟಿಪಿಯನ್ನು ಇವಳಿಂದ ಓದಿಸಿಕೊಂಡಿದ್ದರು. ಚಾಳೀಸು ಬಂತು ಅಂತ ಕಾಣುತ್ತೆ ಎಂದು ನಕ್ಕಿದ್ದರು. ಅದನ್ನೂ ಅವಳು ಪಾಚಿಯ ಮಾತಿನಂತೆಯೇ ಲಘುವಾಗಿ ತೆಗೆದುಕೊಂಡಿದ್ದಳು.

ಧಾರಿಣಿ ಅಳುವವಳಲ್ಲ, ಗಾಬರಿ ಬಿದ್ದರೆ ಕೆಲಸ ಹಚ್ಚಿಕೊಳ್ಳುವವಳು. ಅವತ್ತೇ ಗುರುಗ್ರಾಮದ ಒಂದು ಕಣ್ಣಾಸ್ಪತ್ರೆಯಲ್ಲಿ ಸೋಮವಾರ ಬೆಳಗ್ಗೆಗೆ ಹೆಸರು ಬರೆಸಿದಳು. ಕಣ್ಣಿಗೆ ಔಷಧಿ ಹನಿ ಹಾಕಿದ ಮೇಲೆ ಒಬ್ಬರೇ ವಾಪಸ್ ಬರಲಾಗುವುದಿಲ್ಲ, ನಾನೂ ಬರುತ್ತೇನೆ ಎಂದಳು. ಇಂದುಶೇಖರ ಬೇಡವೆನ್ನಲಿಲ್ಲ. ಅದೇ ಅವಳನ್ನು ಹೆಚ್ಚು ಹೆದರಿಸಿತು; ಯಾರ ಉಪಕಾರವನ್ನೂ ಮೂರು ಸಲ ಬೇಡವೆನ್ನದೆ ಒಪ್ಪುವ ಮನುಷ್ಯರಲ್ಲ ಅವರು.

ಡಾಕ್ಟರು ಸಮಾಧಾನದ ಹೆಂಗಸು. ಸಕ್ಕರೆ ಕಾಯಿಲೆ ಯಾವಾಗಿನಿಂದ ಎಂದು ಕೇಳಿದರು. ನನಗೆ ಸಕ್ಕರೆ ಕಾಯಿಲೆ ಇಲ್ಲವಲ್ಲ ಎಂದರು ಇಂದುಶೇಖರ. ಬೆರಳು ಚುಚ್ಚಿ ನೋಡಿದಾಗ ನಾನೂರರ ಮೇಲಿತ್ತು. ಕೆಲವು ವರ್ಷಗಳಿಂದ ಇದ್ದಿರಬೇಕು, ಎರಡೂ ಕಣ್ಣಿನ ಹಿಂದಿನ ಪರದೆ ಊದಿಕೊಂಡಿದೆ, ನಟ್ಟ ನಡುವೆ ನೋಡುವ ಜಾಗದಲ್ಲೇ. ತಿಂಗಳಿಗೊಮ್ಮೆ ಕಣ್ಣಿನೊಳಕ್ಕೆ ಇಂಜೆಕ್ಷನ್ ಕೊಡಬೇಕು. ಇನ್ನಷ್ಟು ಕೆಡದಂತೆ ತಡೆಯಬಹುದು, ಸ್ವಲ್ಪ ವಾಪಸ್ ಬರಲೂಬಹುದು, ಪೂರ್ತಿ ಬರುತ್ತದೆಂದು ಮಾತು ಕೊಡಲಾರೆ ಎಂದರು. ಕಣ್ಣಿಟ್ಟು ಮಾಡುವ ಸೂಕ್ಷ್ಮ ಕೆಲಸವೇನಾದರೂ ಮಾಡುತ್ತೀರಾ ಎಂದು ಕೇಳಿದ್ದಕ್ಕೆ ಇಂದುಶೇಖರ, ಇಲ್ಲ, ಫ್ಯಾಕ್ಟರಿ ಎಂದಷ್ಟೇ ಹೇಳಿದರು. ಧಾರಿಣಿ ಅವರ ಮುಖ ನೋಡಿದಳು. ಹನಿ ಹಾಕಿದ ಕಣ್ಣುಗಳು ಅಗಲವಾಗಿ, ಕಪ್ಪಗೆ, ಯಾವುದನ್ನೂ ನೋಡದೆ ತೆರೆದುಕೊಂಡಿದ್ದವು.

ಇಬ್ಬರೂ ಕ್ಯಾಬ್ ಹಿಡಿದು ವಾಪಸ್ ಹೊರಟರು. ಅಪೂರ್ವಳ ಶಾಲೆಯದರಂಥದೇ ಒಂದು ಹಳದಿ ವ್ಯಾನು ಹೆದ್ದಾರಿಯಲ್ಲಿ ಪಕ್ಕದಲ್ಲೇ ಬಂದು, ಬ್ರೇಕ್ ಹಾಕಿ, ಹಿಂದುಳಿಯಿತು. ಆಗ ಧಾರಿಣಿಗೆ ಹೊಳೆಯಿತು, ಎರಡು ದಿನದಿಂದ ತಾನು ಬರೀ ಇಂದಣ್ಣನ ಕಣ್ಣಿನ ಬಗ್ಗೆ ಯೋಚಿಸುತ್ತಿದ್ದೆ, ಆ ಕಣ್ಣು ಏನೇನನ್ನು ಪಾಸು ಮಾಡಿದೆ ಎಂಬುದನ್ನು ಯೋಚಿಸಲೇ ಇಲ್ಲ ಎಂದು. 

ಮನೆಗೆ ಕರೆತಂದು ಪರದೆ ಎಳೆದು ಕೂರಿಸಿ, ಉಪ್ಪಿಟ್ಟು ಮಾಡಿ ತಂದಿಟ್ಟಳು. ಆಮೇಲೆ ಕೇಳಿದಳು.

"ಇಂದಣ್ಣ, ನಿಮ್ಮ ಮೇಜು ದಾಟಿದ ಮೇಲೆ ಅದನ್ನ ಇನ್ಯಾರಾದ್ರೂ ನೋಡ್ತಾರಾ?"

"ನನ್ನ ನಂತರ ಪ್ಯಾಕಿಂಗ್ ಡಬ್ಬ ಮುಚ್ಚಿ ಕಳಿಸೋದೇ."

 ಆಮೇಲೆ ಅವರು ತಾವಾಗಿಯೇ ಮಾತು ಮುಂದುವರಿಸಿದರು. ಕಾರ್ಖಾನೆಯ ಕಣ್ಣು ಪರೀಕ್ಷೆ ವರ್ಷಕ್ಕೊಮ್ಮೆ, ಫೆಬ್ರವರಿಯಲ್ಲಿ. ಹೋದ ಸಲ ಸರಿಯಾಗೇ ಇತ್ತು. ಆ ತಟ್ಟೆಯ ಪರೀಕ್ಷೆಯನ್ನು ಇವರಿಗೆ ಯಾರೂ ಕೊಡುತ್ತಿರಲಿಲ್ಲ. ಎಲ್ಲರಿಗೂ ಕೊಡುವವರಿಗೆ ಯಾರು ಕೊಡುತ್ತಾರೆ? ಜುಲೈಯಿಂದ ಮಂಜು. ದೀಪ ಹಳೆಯದಾಯಿತೆಂದು ಮೇಜಿನ ದೀಪ ಬದಲಿಸಿದ್ದರಂತೆ. ಆಮೇಲೆ ಕೆಂಪು ಡಬ್ಬಕ್ಕೆ ಬೀಳುವುದು ಕಡಿಮೆಯಾಯಿತು. ಎರಕ ಸುಧಾರಿಸಿದೆ ಎಂದು ಮ್ಯಾನೇಜರು ಇವರ ಬೆನ್ನು ತಟ್ಟಿದ್ದರು. ಇವರೂ ನಂಬಿದರು. ಅದನ್ನು ಹೇಳುವಾಗ ಅವರ ದನಿ ಬಿದ್ದುಹೋಯಿತು.

ಧಾರಿಣಿ ಮನಸ್ಸಿನಲ್ಲೇ ಲೆಕ್ಕ ಹಾಕಿದಳು.  ಡಬ್ಬಗಳ ಮೇಲೆ ನೋಡಿದವರ ಮೊಹರು ಇರುತ್ತದಂತೆ. ಕಾರ್ಖಾನೆಗೆ ಹೇಳಿದರೆ ಜುಲೈಯಿಂದೀಚೆಗಿನದನ್ನೆಲ್ಲ ಹುಡುಕಿ ವಾಪಸ್ ತರಿಸಬೇಕು, ಮತ್ತೆ ನೋಡಬೇಕು. ಅಷ್ಟಾದ ಮೇಲೆ ಈ ಮನುಷ್ಯನನ್ನು ಆ ಮೇಜಿನ ಹತ್ತಿರ ಸುಳಿಯಲೂ ಬಿಡುವುದಿಲ್ಲ. ನೋಡುವುದೊಂದು ಬಿಟ್ಟು ಅವರಿಗೆ ಬೇರೆ ಕೆಲಸ ಗೊತ್ತಿಲ್ಲ. ಅವರು ಅದನ್ನೇ ಬೇರೆ ದಾರಿಯಲ್ಲಿ ಲೆಕ್ಕ ಹಾಕುತ್ತಿದ್ದರು. ಮೂರು ತಿಂಗಳು ರಜೆ ಹಾಕುತ್ತೇನೆ, ಇಂಜೆಕ್ಷನ್ ತಗೊಳ್ಳುತ್ತೇನೆ, ಅಷ್ಟರಲ್ಲಿ ಸರಿಹೋದರೆ ಯಾರಿಗೂ ಹೇಳುವ ಪ್ರಸಂಗವೇ ಬರುವುದಿಲ್ಲ, ವಿಮಲಾಗೂ ಸಹ. ಹೀಗೆಂದು ಹೇಳಿ ಅವಳ ಉತ್ತರಕ್ಕೆ ಕಾದರು. ಅವಳು ಉಪ್ಪಿಟ್ಟಿನ ತಟ್ಟೆಯನ್ನು ಅವರ ಕೈಗೆ ಹತ್ತಿರ ಸರಿಸಿದಳು. ಅವರು ಮುಟ್ಟಲಿಲ್ಲ.

"ಹೇಳ್ಬೇಕು ಅಲ್ವಾ?" ಎಂದರು.

"ಹೇಳ್ಬೇಕು ಇಂದಣ್ಣ."

ಅವರು ಜೇಬಿನಿಂದ ಫೋನ್ ತೆಗೆದು ಕಣ್ಣಿಗೆ ಹತ್ತಿರ ಹಿಡಿದರು, ದೂರ ಹಿಡಿದರು. ಹನಿಯ ಪ್ರಭಾವ ಇನ್ನೂ ಇಳಿದಿರಲಿಲ್ಲ. ಒಂದು ಹೆಸರೂ ಓದಲಾಗಲಿಲ್ಲ. ಫೋನನ್ನು ಅವಳ ಕೈಗಿತ್ತು, ಕ್ವಾಲಿಟಿ ಮ್ಯಾನೇಜರ್ ಎಂದು ಇದೆ ನೋಡಿ ಎಂದರು. ಅವಳು ಹುಡುಕಿದಳು. ಕರೆ ಮಾಡುವ ಮೊದಲು ಅವರು ಕೈ ಅಡ್ಡ ಹಿಡಿದರು.

"ಧಾರಿಣಿ, ಒಂದು ಉಪಕಾರ ಮಾಡಿ. ಮಾತು ನಾನೇ ಆಡ್ತೀನಿ. ಆದ್ರೆ ಮುಗಿಯೋವರೆಗೂ ನೀವು ಇಲ್ಲೇ ಕೂತಿರಿ. ಮಧ್ಯೆ ನಾನೇನಾದ್ರೂ ಹೆದರಿಕೊಂಡು, ಬರೀ ರಜೆ ಕೇಳಿ ಇಟ್ಟುಬಿಡೋಕೆ ಹೋದ್ರೆ, ಫೋನ್ ಕಿತ್ಕೊಂಡು ನೀವೇ ಎಲ್ಲಾ ಹೇಳ್ಬಿಡಿ."